ಮುದ್ನಾಬತಿಯಲ್ಲಿ ಕಾದವರು

ನಾನು ಚಿಕ್ಕವಳಿದ್ದಾಗ ನಮ್ಮ ಊರಿನ ಚರ್ಚಿನಲ್ಲಿ ವರ್ಷಕ್ಕೊಮ್ಮೆಯಾದರೂ ವಿಲಿಯಂ ಕೇರಿಯ ಕಥೆ ಬರುತ್ತಿತ್ತು. ಹೆಸರು ಕೇಳಿ ಅವನು ನಮ್ಮ ಕೇರಿಯಲ್ಲೇ ಎಲ್ಲೋ ಇದ್ದವನಿರಬೇಕು ಎಂದುಕೊಂಡಿದ್ದೆ. ಕಥೆ ಯಾವಾಗಲೂ ಒಂದೇ: ಇಂಗ್ಲೆಂಡಿನ ಬಡ ಚಮ್ಮಾರ ಸುವಾರ್ತೆ ಸಾರಲು ಬಂಗಾಳಕ್ಕೆ ಬಂದ, ಏಳು ವರ್ಷ ದುಡಿದ, ಪ್ರಾರ್ಥಿಸಿದ, ಒಬ್ಬನೇ ಒಬ್ಬ ಬಂಗಾಳಿಯೂ ದೀಕ್ಷಾಸ್ನಾನ ಪಡೆಯಲಿಲ್ಲ, ಆದರೂ ಕೈಬಿಡಲಿಲ್ಲ, ಎಂಟನೇ ವರ್ಷ ಕಾಲಿಡುವಾಗ ದೇವರು ಉತ್ತರ ಕೊಟ್ಟ. ಇಷ್ಟು ಹೇಳಿ ಸಭಾಪಾಲಕರು ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಜ್ಜಿಗೆ ಆ ಕಥೆ ಬೇಕಾಗಿತ್ತು. ಅವಳ ಕಿರಿಯ ಮಗ, ನನ್ನ ಕಾಕಾ, ಕುಡಿತಕ್ಕೆ ಬಿದ್ದು ಮನೆ ಬಿಟ್ಟು ಹೋಗಿದ್ದ. ದಿನಾ ಸಂಜೆ ಮನೆಯ ಪ್ರಾರ್ಥನೆಯಲ್ಲಿ ಅವನ ಹೆಸರು ಬರಲೇಬೇಕು. ಹತ್ತು ವರ್ಷವಾಯಿತು, ಹದಿನೈದಾಯಿತು. ಒಮ್ಮೆ ನಾನು, ಹುಡುಗುಬುದ್ಧಿ, ದೇವರು ನಿನ್ನ ಮಾತು ಕೇಳುತ್ತಿಲ್ಲವಲ್ಲ ಎಂದುಬಿಟ್ಟೆ. "ಕೇಳಾಕತ್ತಾನವ್ವಾ," ಅಂದಳು, "ಉತ್ತರ ಕೊಡಾಕ ಅವ್ನಿಗೂ ಹೊತ್ತು ಬೇಕಲ್ಲ."

ಈಗ ನನ್ನ ಪಿಎಚ್.ಡಿ. ವಿಷಯ ಮಿಷನರಿಗಳ ಕಾಲದ ಮುದ್ರಣ. ಕನ್ನಡ ಅಚ್ಚಿನ ಮೊದಲ ದಶಕಗಳನ್ನು ಹುಡುಕುತ್ತ ಹೋದವರು ಬಳ್ಳಾರಿ, ಮಂಗಳೂರುಗಳ ಜೊತೆ ಬಂಗಾಳದ ಶ್ರೀರಾಮಪುರಕ್ಕೂ ಹೋಗಲೇಬೇಕು. ಕೇರಿಯ ಕನ್ನಡ ವ್ಯಾಕರಣ ಅಲ್ಲಿ ಅಚ್ಚಾದದ್ದು 1817ರಲ್ಲಿ. ಹಾಗಾಗಿ ಚರ್ಚಿನ ಬೆಂಚಿನ ಮೇಲೆ ಕೇಳಿದ ಕಥೆಯನ್ನು ಮತ್ತೊಮ್ಮೆ, ಈ ಸಲ ಜೀವನಚರಿತ್ರೆಗಳಲ್ಲಿ, ದಿನಚರಿ ಮತ್ತು ಪತ್ರಗಳಲ್ಲಿ ಓದಬೇಕಾಯಿತು. ಕಥೆ ಸುಳ್ಳಲ್ಲ. ಆದರೆ ಆ ಕಥೆಯಿಂದ ಒಬ್ಬಳನ್ನು ಬಿಟ್ಟಿದ್ದರು.

ಡೊರೊಥಿ ಪ್ಲ್ಯಾಕೆಟ್ ಮತ್ತು ವಿಲಿಯಂ ಕೇರಿ ಮದುವೆಯಾದದ್ದು 1781ರ ಜೂನ್‌ನಲ್ಲಿ, ಪಿಡಿಂಗ್ಟನ್ ಎಂಬ ಹಳ್ಳಿಯ ಚರ್ಚಿನಲ್ಲಿ. ಅವನಿಗೆ ಇಪ್ಪತ್ತೂ ತುಂಬಿರಲಿಲ್ಲ; ಅವಳು ಐದಾರು ವರ್ಷ ದೊಡ್ಡವಳು. ಚರ್ಚಿನ ದಾಖಲೆ ಪುಸ್ತಕದಲ್ಲಿ ಅವನು ಸಹಿ ಹಾಕಿದ. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಹೆಸರಿನ ಜಾಗದಲ್ಲಿ ಒಂದು ಗುರುತು ಎಳೆದಳು. ಅವಳ ಕೈಯಿಂದ ಬಂದದ್ದೆಂದು ನಾನು ಬಲ್ಲದ್ದು ಅದೊಂದೇ. ಮುಂದಿನ ಇಪ್ಪತ್ತಾರು ವರ್ಷಗಳ ಅವಳ ಬದುಕನ್ನೆಲ್ಲ ನಾವು ತಿಳಿಯುವುದು ಗಂಡನ ಮತ್ತು ಅವನ ಜೊತೆಗಾರರ ಬರಹದಿಂದ. ಅವರಿಗೆ ಅವಳು ಬಹುಪಾಲು ಒಂದು ತೊಂದರೆ.

1792ರ ಅಕ್ಟೋಬರಿನಲ್ಲಿ ಕೆಟರಿಂಗ್ ಪಟ್ಟಣದ ಒಂದು ಮನೆಯಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಸಂಘ ಹುಟ್ಟಿತು. ಮರುವರ್ಷವೇ ಕೇರಿ ಹೊರಟು ನಿಂತ. ಡೊರೊಥಿ ಬರುವುದಿಲ್ಲ ಎಂದಳು. ತುಂಬು ಬಸುರಿ. ಎರಡು ಹೆಣ್ಣುಮಕ್ಕಳನ್ನು ಆಗಲೇ ಮಣ್ಣಿಗೆ ಕೊಟ್ಟವಳು. ಹಿರಿಯ ಮಗ ಫೀಲಿಕ್ಸನನ್ನಷ್ಟೇ ಕರೆದುಕೊಂಡು ಕೇರಿ ಹಡಗು ಹತ್ತಿದ. ಆದರೆ ಕಂಪನಿಯ ಪರವಾನಗಿ ಇಲ್ಲದೆ, ಜೊತೆಗಾರ ವೈದ್ಯ ಜಾನ್ ಥಾಮಸನ ಸಾಲದ ರಗಳೆಯೂ ಸೇರಿ, ಅವರನ್ನು ಹಡಗಿನಿಂದ ಇಳಿಸಲಾಯಿತು. ಇಳಿದ ಥಾಮಸ್ ಮತ್ತು ಕೇರಿ ಡೊರೊಥಿಯ ಬಳಿ ಬಂದರು. ಅವಳು ಮತ್ತೆ ಇಲ್ಲ ಎಂದಳು. ಸ್ವಲ್ಪ ದೂರ ಹೋಗಿದ್ದ ಥಾಮಸ್ ತಿರುಗಿ ಬಂದು, ನೀನು ಈಗ ಬಾರದಿದ್ದರೆ ಮುಂದೆ ಸದಾ ಪಶ್ಚಾತ್ತಾಪ ಪಡುತ್ತೀಯ ಎಂದು ಹೆದರಿಸಿದ. ತಂಗಿ ಕಿಟ್ಟಿ ಜೊತೆಗೆ ಬರುವುದಾದರೆ ಬರುತ್ತೇನೆ ಎಂದು ಅವಳು ಒಪ್ಪಿದಳು. ಮಡಿಲಲ್ಲಿ ಕೆಲವೇ ವಾರಗಳ ಕೂಸು. 1793ರ ಜೂನ್ 13ರಂದು ಡೆನ್ಮಾರ್ಕಿನ ಹಡಗೊಂದರಲ್ಲಿ ಹೊರಟವರು ಕಲ್ಕತ್ತ ಸೇರಿದ್ದು ನವೆಂಬರ್ 11ಕ್ಕೆ.

ಧರ್ಮೋಪದೇಶದಲ್ಲಿ "ಏಳು ವರ್ಷ" ಎಂಬ ಎರಡು ಪದಗಳಲ್ಲಿ ಮುಗಿದುಹೋಗುವ ಅವಧಿ ಶುರುವಾಗುವುದು ಇಲ್ಲಿಂದ.

ಕೈಲಿದ್ದ ದುಡ್ಡು ಕೆಲವೇ ವಾರಗಳಲ್ಲಿ ಕರಗಿತು. ದುಡ್ಡಿನ ಉಸ್ತುವಾರಿ ಥಾಮಸನದಾಗಿತ್ತು, ಥಾಮಸನಿಗೆ ಲೆಕ್ಕವೆಂದರೆ ಆಗದು. ಊರ ಹೊರಗಿನ ಯಾರದೋ ತೋಟದ ಮನೆ, ಆಮೇಲೆ ಸುಂದರಬನದ ಅಂಚಿನ ಕಾಡು. ಡೊರೊಥಿಗೂ ಫೀಲಿಕ್ಸನಿಗೂ ರಕ್ತಭೇದಿ. ಬರೀ ಅನ್ನ, ತಿನ್ನಲು ಬ್ರೆಡ್ಡಿಲ್ಲ ಎಂದು ಅಕ್ಕತಂಗಿಯರು ಗೊಣಗುತ್ತಿದ್ದರು. ಕೇರಿ ಅದನ್ನು ದಿನಚರಿಯಲ್ಲಿ ಬೇಸರದಿಂದ ಬರೆದುಕೊಂಡಿದ್ದಾನೆ. ಅದನ್ನು ಓದುವಾಗ ನನಗೆ ಅವನ ಮೇಲೆ ಸಿಟ್ಟು ಬಂದದ್ದುಂಟು. ಭೇದಿಯಿಂದ ಬಳಲುವವಳು ತನಗೆ ಗೊತ್ತಿರುವ ಊಟ ಕೇಳುವುದು ಯಾವ ಲೌಕಿಕ ಮೋಹ? ಅಷ್ಟರಲ್ಲಿ ಕಿಟ್ಟಿ ಅಲ್ಲೇ ಪರಿಚಯವಾದ ಕಂಪನಿಯ ನೌಕರನೊಬ್ಬನನ್ನು ಮದುವೆಯಾಗಿ ಉಳಿದುಬಿಟ್ಟಳು. ಡೊರೊಥಿಯ ಷರತ್ತು ಕೈಬಿಟ್ಟು ಹೋಯಿತು.

1794ರ ಮಧ್ಯದಲ್ಲಿ ಉತ್ತರ ಬಂಗಾಳದ ಮುದ್ನಾಬತಿಯಲ್ಲಿ ನೀಲಿ ಕಾರ್ಖಾನೆಯೊಂದರ ಮೇಲ್ವಿಚಾರಕನ ಕೆಲಸ ಸಿಕ್ಕಿತು. ತಿಂಗಳಿಗೆ 200 ರೂಪಾಯಿ. ಹೊಟ್ಟೆಯ ಚಿಂತೆ ಕಳೆಯಿತು. ಮಳೆಗಾಲ ಮುಗಿಯುವಾಗ ಜ್ವರ ಬಂತು, ಮನೆಗೆ ಮನೆಯೇ ಮಲಗಿತು. ಐದು ವರ್ಷದ ಪೀಟರ್ ಸತ್ತ. ಪೆಟ್ಟಿಗೆ ಮಾಡಲು, ಹೆಣ ಹೊರಲು ಜನ ಸಿಗಲಿಲ್ಲ. ಮುಟ್ಟಿದರೆ ಜಾತಿ ಹೋಗುವ ಭಯ. ಕೊನೆಗೆ ನಾಲ್ವರು ಮುಸ್ಲಿಮರು ಗುಂಡಿ ತೋಡಲು ಒಪ್ಪಿದರು. ಇಂಗ್ಲೆಂಡಿನಿಂದ ಮೊದಲ ಕಾಗದ ಕೈಸೇರಿದ್ದು ಬಂದು ಸುಮಾರು ಒಂದೂವರೆ ವರ್ಷವಾದ ಮೇಲೆ. ಅಲ್ಲಿನ ಸಂಘದವರಿಗೆ ಇವನು ನೀಲಿ ವ್ಯಾಪಾರಕ್ಕೆ ಇಳಿದನಲ್ಲ ಎಂಬ ಆತಂಕ ಬೇರೆ. ಮಗ ಸತ್ತು ಕೆಲವು ತಿಂಗಳಲ್ಲಿ ಡೊರೊಥಿಯ ಮನಸ್ಸು ಕದಡಿತು. ಗಂಡನಿಗೆ ಬೇರೆ ಹೆಂಗಸರ ಸಂಗವಿದೆ ಎಂಬ ಸಂಶಯ ಭ್ರಮೆಯಾಗಿ ಬೆಳೆಯಿತು. ಬೀದಿಯಲ್ಲಿ ಅವನ ಹಿಂದೆ ಹೋಗಿ ಕೂಗಾಡುತ್ತಿದ್ದಳು, ಒಮ್ಮೆ ಚಾಕು ಹಿಡಿದು ಮೇಲೆ ಬಿದ್ದಳು. ಇದರ ನಡುವೆಯೇ 1796ರಲ್ಲಿ ಇನ್ನೊಂದು ಮಗು ಹುಟ್ಟಿತು.

ಈ ವರ್ಷಗಳ ಕೇರಿಯ ಬರಹದಲ್ಲಿ ನಾನು ತಾಳ್ಮೆಯನ್ನು ಹುಡುಕಿದೆ. ಧರ್ಮೋಪದೇಶದ ಕೇರಿ ಅಲ್ಲಿಲ್ಲ. ತನ್ನ ಆತ್ಮ ಒಣಗಿದೆ, ತಾನು ಸೋಮಾರಿ, ತನ್ನಿಂದ ಏನೂ ಆಗುತ್ತಿಲ್ಲ, ಮಾತಾಡಲು ಒಬ್ಬ ಗೆಳೆಯನೂ ಇಲ್ಲ ಎಂದು ಮತ್ತೆ ಮತ್ತೆ ಗೋಳಾಡುವ ಮೂವತ್ತರ ಆಸುಪಾಸಿನ ಮನುಷ್ಯ ಇದ್ದಾನೆ. ಹೆಚ್ಚುಕಡಿಮೆ ನನ್ನ ವಯಸ್ಸಿನವನು. ಒಂದು ದಿನ ಭರವಸೆ, ಮರುದಿನ ಕುಸಿತ. ಅವನ ಮುನ್ಷಿ ರಾಮ್ ರಾಮ್ ಬಸು ಇವತ್ತು ನಾಳೆ ಕ್ರೈಸ್ತನಾಗುತ್ತಾನೆ ಎಂದು ಎಲ್ಲರೂ ಕಾದರು. ಕ್ರಿಸ್ತನ ಮೇಲೆ ಬಂಗಾಳಿಯಲ್ಲಿ ಪದ ಕಟ್ಟಿದವನು ಅವನು. ದೀಕ್ಷಾಸ್ನಾನಕ್ಕೆ ಮಾತ್ರ ಕೊನೆಯವರೆಗೂ ಬರಲಿಲ್ಲ. 1796ರಲ್ಲಿ ಹಗರಣವೊಂದರಲ್ಲಿ ಸಿಕ್ಕಿ ಕೆಲಸವನ್ನೂ ಕಳೆದುಕೊಂಡ. (ಮುಂದೆ ಅವನೇ ಬರೆದ 'ರಾಜಾ ಪ್ರತಾಪಾದಿತ್ಯ ಚರಿತ್ರ' 1801ರಲ್ಲಿ ಅಚ್ಚಾಗಿ ಬಂಗಾಳಿ ಗದ್ಯದ ಇತಿಹಾಸದಲ್ಲಿ ಅವನ ಹೆಸರು ಉಳಿಯಿತು. ಯಾರೂ ಕೇಳಿಕೊಳ್ಳದ ಫಲ ಇದು.)

ಹಾಗಾದರೆ ಅವನು ಹೇಗೆ ಉಳಿದ? ನನಗೆ ಕಾಣುವ ಮಟ್ಟಿಗೆ, ದಿನಕ್ಕಿಷ್ಟು ಎಂಬ ಲೆಕ್ಕದಿಂದ. ಬೆಳಗ್ಗೆ ಇಷ್ಟು ವಾಕ್ಯ ಬಂಗಾಳಿಗೆ, ಆಮೇಲೆ ಕಾರ್ಖಾನೆ, ಸಂಜೆ ಸುತ್ತಲ ಹಳ್ಳಿ, ರಾತ್ರಿ ಸಂಸ್ಕೃತ. ಪಕ್ಕದ ಕೋಣೆಯಲ್ಲಿ ಹೆಂಡತಿ ಕೂಗುತ್ತಿರುವಾಗಲೂ ಈ ಕೆಲಸ ನಡೆದಿತ್ತು. 1797ರ ಹೊತ್ತಿಗೆ ಹೊಸ ಒಡಂಬಡಿಕೆಯ ಕರಡು ಬಹುಮಟ್ಟಿಗೆ ಸಿದ್ಧವಾಗಿತ್ತು. ಇದನ್ನು ನಿಷ್ಠೆ ಎನ್ನಬಹುದು, ಕಿವುಡುತನ ಎನ್ನಬಹುದು. ನಾನು ಎರಡನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದು ಹೊಡೆದುಹಾಕಿದ್ದೇನೆ.

ಹೊಸ ಒಡಂಬಡಿಕೆಯಲ್ಲಿ ತಾಳ್ಮೆ ಎಂಬಲ್ಲಿ ಹಲವು ಕಡೆ ಇರುವ ಗ್ರೀಕ್ ಪದ ಹುಪೊಮೊನೆ. ಬಿಡಿಸಿದರೆ, ಅಡಿಯಲ್ಲಿ ನಿಂತಿರುವುದು: ಭಾರ ಮೇಲಿದೆ, ಕದಲುವುದಿಲ್ಲ. ಕನ್ನಡದ 'ತಾಳು' ಇದಕ್ಕೆ ದೂರದ್ದಲ್ಲ. 'ಸ್ವಲ್ಪ ತಾಳು' ಎಂದರೆ ಕಾಯಿ. 'ನೋವು ತಾಳಲಾರೆ' ಎಂದರೆ ಹೊರಲಾರೆ. 'ಈ ಬಟ್ಟೆ ತಾಳುತ್ತೆ' ಎಂದರೆ ಹರಿಯದೆ ಉಳಿಯುತ್ತೆ. ಕಾಯುವುದು, ಹೊರುವುದು, ಉಳಿಯುವುದು ಮೂರನ್ನೂ ಒಂದೇ ಕ್ರಿಯಾಪದ ಹೊತ್ತಿದೆ. ತಾಳಿದವನು ಬಾಳಿಯಾನು ಎಂಬ ಗಾದೆ ಈ ಮೂರನ್ನೂ ಒಟ್ಟಿಗೆ ಕಟ್ಟುತ್ತದೆ. ಮುದ್ನಾಬತಿಯ ಮನೆಯಲ್ಲಿ ಮಾತ್ರ ಅವು ಬೇರೆಬೇರೆಯಾದವು. ಕೇರಿ ಕಾದ, ಉಳಿದ. ಹೊತ್ತದ್ದು ಬಹುಪಾಲು ಡೊರೊಥಿ, ಅವಳು ತಾಳಲಿಲ್ಲ.

1800ರ ಜನವರಿಯಲ್ಲಿ ಕುಟುಂಬ ಶ್ರೀರಾಮಪುರಕ್ಕೆ ಬಂತು. ಈಸ್ಟ್ ಇಂಡಿಯಾ ಕಂಪನಿ ಮಿಷನರಿಗಳನ್ನು ತನ್ನ ನೆಲದಲ್ಲಿ ಬಿಡುತ್ತಿರಲಿಲ್ಲ. ಹೂಗ್ಲಿ ದಡದ ಈ ಊರು ಡೆನ್ಮಾರ್ಕಿನವರದು. ಹಿಂದಿನ ವರ್ಷವಷ್ಟೇ ಬಂದಿದ್ದ ಮಾರ್ಷ್‌ಮನ್ ಮತ್ತು ಮುದ್ರಕ ವಾರ್ಡ್ ಜೊತೆಯಾದರು. ಇದೇ ಊರಿನಲ್ಲಿ ಇವರಿಗಿಂತ ಮೊದಲು ಮೊರೇವಿಯನ್ ಸಭೆಯವರು ನೆಲೆಸಿದ್ದರು. ಅವರೂ ಪ್ರಾರ್ಥಿಸಿದರು, ಅವರೂ ವರ್ಷಗಟ್ಟಲೆ ಕಾದರು, ಕೊನೆಗೆ ಕೆಲಸ ನಿಲ್ಲಿಸಿ ಹೋದರು. ಅವರ ತಾಳ್ಮೆಯ ಮೇಲೆ ಯಾರಾದರೂ ಉಪದೇಶ ಮಾಡಿದ್ದನ್ನು ನಾನು ಕೇಳಿಲ್ಲ. ಕೇರಿ 1799ರಲ್ಲಿ ಜ್ವರದಿಂದ ಸತ್ತಿದ್ದರೆ ಅವನದೂ ಇದೇ ಗತಿಯಾಗುತ್ತಿತ್ತು. ಅವನ ನಂಬಿಕೆಯಲ್ಲಿ ಒಂದು ಗುಲಗಂಜಿಯಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ, ಆದರೂ ನಮ್ಮ ಚರ್ಚಿನಲ್ಲಿ ಅವನ ಹೆಸರು ಬರುತ್ತಿರಲಿಲ್ಲ. ಉದಾಹರಣೆಯಾಗಿ ಹೇಳುವ ತಾಳ್ಮೆಯನ್ನೆಲ್ಲ ನಾವು ಕೊನೆಯ ಪುಟ ಮೊದಲು ಓದಿಯೇ ಆರಿಸಿಕೊಂಡಿರುತ್ತೇವೆ ಎಂಬುದು ಇತಿಹಾಸದ ವಿದ್ಯಾರ್ಥಿನಿಯಾಗಿ ನನ್ನ ತಕರಾರು.

ಉತ್ತರ ಬಂದದ್ದು ಒಂದು ಉಳುಕಿನ ಮೂಲಕ. ಕೃಷ್ಣ ಪಾಲ್ ಎಂಬ ಬಡಗಿ 1800ರ ನವೆಂಬರ್ ಕೊನೆಯಲ್ಲಿ ಸ್ನಾನಕ್ಕೆ ಹೋಗುವಾಗ ಜಾರಿ ಬಿದ್ದು ತೋಳಿನ ಕೀಲು ತಪ್ಪಿಸಿಕೊಂಡ. ಮಿಷನ್ನಿನ ಮನೆಯಲ್ಲಿ ವೈದ್ಯನಿದ್ದಾನೆಂದು ಕೇಳಿ ಆಳು ಕಳಿಸಿದ. ಆ ದಿನಗಳಲ್ಲಿ ಅಲ್ಲಿಗೆ ಬಂದಿದ್ದ ಥಾಮಸ್ ಹೋಗಿ, ಅವನನ್ನು ಮರಕ್ಕೆ ಕಟ್ಟಿ ಹಿಡಿಸಿ, ಕೀಲು ಕೂರಿಸಿದ. ಕೂರಿಸುತ್ತಲೇ ಪಾಪದ ಮಾತೂ ಆಡಿದ. ಕೃಷ್ಣ ಪಾಲ್ ದೇವರನ್ನು ಮೊದಲ ಸಲ ಹುಡುಕುತ್ತಿದ್ದವನಲ್ಲ. ಜಾತಿಕಟ್ಟಳೆಗೆ ಅಷ್ಟು ಬೆಲೆ ಕೊಡದ ಕರ್ತಾಭಜಾ ಎಂಬ ಬಂಗಾಳದ ಪಂಥದಲ್ಲಿ ವರ್ಷಗಟ್ಟಲೆ ಇದ್ದವನು. ಅವನಿಗೂ ಒಂದು ಕಾಯುವಿಕೆ ಇತ್ತು. ಕೇರಿಯ ಕಥೆಯಲ್ಲಿ ಅವನು ಬರೀ ಉತ್ತರವಾಗಿ ಬರುತ್ತಾನೆ, ಪ್ರಾರ್ಥಿಸಿದವನಾಗಿ ಅಲ್ಲ. ಡಿಸೆಂಬರ್ 22ರಂದು ಅವನೂ ಅವನ ಗೆಳೆಯ ಗೋಕುಲನೂ ಮಿಷನರಿಗಳ ಜೊತೆ ಕೂತು ಉಂಡರು. ಸುದ್ದಿ ಹಬ್ಬಿ ಜನ ಸೇರಿ ಅವರನ್ನು ಡೇನಿಷ್ ಅಧಿಕಾರಿಯ ಮುಂದೆ ಎಳೆದೊಯ್ದರು. ಅವನು ಬಿಡಿಸಿ ಕಳಿಸಿದ.

ಡಿಸೆಂಬರ್ 28, ಭಾನುವಾರ. ಜೊತೆಗೆ ಬರಬೇಕಿದ್ದ ಗೋಕುಲ ಹಾಗೂ ಹೆಂಗಸರು ಆಗ ಹಿಂಜರಿದಿದ್ದರು. ಕೃಷ್ಣ ಪಾಲ್ ಒಬ್ಬನೇ ಬಂದ. ಗವರ್ನರ್ ಬೀ, ಊರಿನ ಯುರೋಪಿಯನ್ನರು, ಹಿಂದೂ ಮುಸ್ಲಿಂ ಜನ ಎಲ್ಲ ಹೂಗ್ಲಿಯ ಮೆಟ್ಟಿಲ ಬಳಿ ಸೇರಿದ್ದರು. ಒಂದು ಪಕ್ಕ ಮಗ ಫೀಲಿಕ್ಸ್, ಇನ್ನೊಂದು ಪಕ್ಕ ಕೃಷ್ಣ ಪಾಲ್; ನಡುವೆ ಕೇರಿ ನೀರಿಗಿಳಿದ. ಇಬ್ಬರಿಗೂ ದೀಕ್ಷಾಸ್ನಾನವಾಯಿತು. ನಾನು ಕೇಳಿದ ಕಥೆ ನಿಲ್ಲುತ್ತಿದ್ದುದು ಇಲ್ಲಿ.

ವಾರ್ಡ್‌ನ ದಿನಚರಿಯಿಂದ ತಿಳಿಯುವುದು ಇನ್ನೂ ಇದೆ. ಅದೇ ಹೊತ್ತಿನಲ್ಲಿ ದಾರಿಯ ಒಂದು ಬದಿಯ ಕಟ್ಟಡದಲ್ಲಿ ಥಾಮಸನನ್ನು ಕೂಡಿಹಾಕಲಾಗಿತ್ತು. ಥಾಮಸ್ ಕೇರಿಗಿಂತ ಮೊದಲೇ, 1780ರ ದಶಕದಿಂದ, ಬಂಗಾಳದಲ್ಲಿ ಒಬ್ಬನಿಗಾಗಿ ಕಾದಿದ್ದವನು. ಆ ಒಬ್ಬ ಸಿಕ್ಕಿದ ಸಂತೋಷವನ್ನು ಅವನ ಮನಸ್ಸು ತಡೆಯಲಿಲ್ಲ, ಹುಚ್ಚು ಹಿಡಿಯಿತು. ಮರುವರ್ಷ ಅಕ್ಟೋಬರಿನಲ್ಲಿ ಸತ್ತ. ಇನ್ನೊಂದು ಬದಿಯ ಕೋಣೆಯಲ್ಲಿ ಡೊರೊಥಿ ಕೂಗುತ್ತಿದ್ದಳು. ಅವಳ ಹಿರಿಯ ಮಗನ ದೀಕ್ಷಾಸ್ನಾನ ಅದು. ಮೆಟ್ಟಿಲ ಬಳಿ ಹಾಡುತ್ತಿದ್ದವರಿಗೆ ಆ ಕೂಗು ಕೇಳಿಸಿತೇ ಎಂದು ನಾನು ಯೋಚಿಸುತ್ತಿರುತ್ತೇನೆ.

ಕೇರಿಗೆ ನ್ಯಾಯ ಸಲ್ಲಿಸಬೇಕು. ಅವಳನ್ನು ಹುಚ್ಚರ ಆಸ್ಪತ್ರೆಗೆ ಸೇರಿಸು ಎಂದು ಹೇಳಿದವರಿದ್ದರು. ಅಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆಂದು ಬಲ್ಲವನಾಗಿ ಅವನು ಒಪ್ಪಲಿಲ್ಲ; ಮನೆಯಲ್ಲೇ ಇಟ್ಟುಕೊಂಡ. 1807ರ ಡಿಸೆಂಬರಿನಲ್ಲಿ ಅವಳು ಸತ್ತಳು. ಐದು ತಿಂಗಳಿಗೆ ಅವನು ಶಾರ್ಲಟ್ ರೂಮೋರ್ ಎಂಬ ಓದುಬರಹ ಬಲ್ಲ ಡೇನಿಷ್ ಮಹಿಳೆಯನ್ನು ಮದುವೆಯಾದ. ಬಹಳ ಸುಖವಾಗಿದ್ದರು.

ಕನ್ನಡಕ್ಕೆ ಬರುತ್ತೇನೆ, ಏಕೆಂದರೆ ನನ್ನನ್ನು ಇಲ್ಲಿಗೆ ತಂದದ್ದೇ ಅದು. 1812ರ ಮಾರ್ಚ್ 11ರ ಸಂಜೆ ಶ್ರೀರಾಮಪುರದ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕಾಗದದ ರಾಶಿ, ಹದಿನಾಲ್ಕು ಭಾಷೆಗಳ ಅಚ್ಚುಮೊಳೆ ಕರಗಿ ಹೋದವು. ನಷ್ಟ ಸುಮಾರು 70,000 ರೂಪಾಯಿ. ಸುಟ್ಟ ಹಸ್ತಪ್ರತಿಗಳಲ್ಲಿ ಕೇರಿಯ ತೆಲುಗು ವ್ಯಾಕರಣ, ಬಹುಭಾಷಾ ನಿಘಂಟಿನ ಸಾಮಗ್ರಿ, ರಾಮಾಯಣದ ಅನುವಾದದ ಭಾಗ, ಮತ್ತು ಕನ್ನಡ ಹೊಸ ಒಡಂಬಡಿಕೆ ಇದ್ದವು. ಕಲ್ಕತ್ತದಲ್ಲಿದ್ದ ಕೇರಿಗೆ ಮರುದಿನ ಮಾರ್ಷ್‌ಮನ್ ಹೋಗಿ ಸುದ್ದಿ ಹೇಳಿದ. ಆ ಭಾನುವಾರ ಅವನು ಉಪದೇಶಕ್ಕೆ ಆರಿಸಿಕೊಂಡದ್ದು 46ನೇ ಕೀರ್ತನೆ. ಒಮ್ಮೆ ನಡೆದ ದಾರಿಯಲ್ಲಿ ಎರಡನೇ ಸಲ ಹೋಗುವುದು ಸಲೀಸು ಎಂಬರ್ಥದಲ್ಲಿ ಇಂಗ್ಲೆಂಡಿಗೆ ಬರೆದ. ಬೂದಿಯಿಂದ ಲೋಹ ಹೆಕ್ಕಿ, ಬೆಂಕಿಯಿಂದ ಉಳಿದಿದ್ದ ಪಡಿಯಚ್ಚುಗಳಿಂದ ಕೆಲವೇ ವಾರಗಳಲ್ಲಿ ಮತ್ತೆ ಮೊಳೆ ಎರಕ ಹೊಯ್ಯಲು ತೊಡಗಿದರು. ಐದು ವರ್ಷಕ್ಕೆ ಕನ್ನಡ ವ್ಯಾಕರಣ ಬಂತು, 1820ರ ದಶಕದ ಮೊದಲಲ್ಲಿ ಹೊಸ ಒಡಂಬಡಿಕೆ. ಆದರೆ ಅಷ್ಟರಲ್ಲಿ ಬಳ್ಳಾರಿಯಲ್ಲಿ, ಕನ್ನಡದವರ ನಡುವೆಯೇ ಕೂತು, ಜಾನ್ ಹ್ಯಾಂಡ್ಸ್ 1810ರಿಂದ ಕೆಲಸ ಮಾಡುತ್ತಿದ್ದ. ಕನ್ನಡ ಸಭೆಗಳಲ್ಲಿ ನೆಲೆಯಾದದ್ದು ಹ್ಯಾಂಡ್ಸ್ ಮತ್ತು ಜೊತೆಗಾರರ ಪರಂಪರೆಯ ಬೈಬಲ್. ಬಂಗಾಳದಲ್ಲಿ ಎರಡೆರಡು ಸಲ ದುಡಿದ ಕೇರಿಯ ಕನ್ನಡ ಅನುವಾದವನ್ನು ಇವತ್ತು ತೆರೆಯುವವರು ನನ್ನಂಥ ನಾಲ್ಕು ಜನ.

1812ರ ಕೇರಿಯ ಶಾಂತಿಯನ್ನು ನಾನು ಅನುಮಾನಿಸುವುದಿಲ್ಲ. ಮುದ್ನಾಬತಿಯಲ್ಲಿ ಇಲ್ಲದ್ದು ಇಲ್ಲಿ ನಿಜವಾಗಿಯೂ ಇದೆ. ಆದರೆ ಐವತ್ತರ ಅವನ ಸುತ್ತ ಗೆಳೆಯರಿದ್ದರು, ಸಂಬಳವಿತ್ತು, ಸುದ್ದಿ ಮುಟ್ಟಿದ ಎರಡೇ ತಿಂಗಳಲ್ಲಿ ನಷ್ಟ ತುಂಬುವಷ್ಟು ಹಣ ಕೂಡಿಸಿದ ಇಂಗ್ಲೆಂಡಿನ ಸಭೆಗಳಿದ್ದವು. ತಾಳ್ಮೆ ಒಬ್ಬಂಟಿಯ ಗುಣವೆಂದು ಉಪದೇಶಿಸುವವರು ಈ ಲೆಕ್ಕ ಬಿಡುತ್ತಾರೆ. ಡೊರೊಥಿಗೆ ಇದರಲ್ಲಿ ಯಾವುದೂ ಇರಲಿಲ್ಲ. ಅವಳು ಏನು ಪ್ರಾರ್ಥಿಸಿದಳೋ ಯಾರೂ ಬರೆದಿಡಲಿಲ್ಲ. ಪೀಟರ್ ಉಳಿಯಲಿ ಎಂದು ಬೇಡದೆ ಇದ್ದಾಳೆಯೇ? ಊರಿಗೆ ಮರಳಬೇಕು ಎಂದು?

ಬೈಬಲ್ಲಿನಲ್ಲಿ ಅವಳಿಗೆ ಜಾಗವಿಲ್ಲದೆ ಇಲ್ಲ. ಕೀರ್ತನೆಗಳಲ್ಲಿ ದೇವರಿಗೆ ಮೊರೆಯಿಟ್ಟು ಗೋಳಾಡುವವು ಹಲವಾರು. ಅವುಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಯ ಕಡೆ ಹೊರಳುತ್ತವೆ. 88ನೆಯದು ಹೊರಳುವುದಿಲ್ಲ. ಉತ್ತರವಿಲ್ಲದೆ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಸಂಕಲನದಿಂದ ತೆಗೆದುಹಾಕದೆ ಬಿಟ್ಟ ಹಿಂದಿನವರ ಮೇಲೆ ನನಗೆ ಗೌರವ ಹೆಚ್ಚು. ನಮ್ಮ ಚರ್ಚಿನಲ್ಲಿ ಅದರ ಮೇಲೆ ಉಪದೇಶ ಕೇಳಿದ ನೆನಪಿಲ್ಲ.

ಕೇರಿ ಸತ್ತದ್ದು 1834ರ ಜೂನ್ 9ರಂದು. ಅದೇ ವರ್ಷದ ಕೊನೆಯ ಭಾಗದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದರು. ನನ್ನ ಅಜ್ಜಿಯ ಸಭೆಯ ಬೇರು ಅಲ್ಲಿಯದು. ಉಯಿಲಿನಲ್ಲಿ ಕೇರಿ, ತನ್ನನ್ನು ಎರಡನೇ ಹೆಂಡತಿ ಶಾರ್ಲಟ್‌ಳ ಪಕ್ಕ ಹೂಳಬೇಕೆಂದು ಬರೆದಿದ್ದ.

ಅಜ್ಜಿ ತೀರಿಕೊಂಡು ಮೂರು ವರ್ಷವಾಯಿತು. ಕಾಕಾನಿಗೆ ಸುದ್ದಿ ಮುಟ್ಟಿತೋ ಇಲ್ಲವೋ, ಮಣ್ಣಿಗೆ ಬರಲಿಲ್ಲ. ಮಣ್ಣು ಮುಗಿಸಿ ಬಂದ ಸಂಜೆ ಮನೆಯಲ್ಲಿ ಪ್ರಾರ್ಥನೆಗೆ ಕೂತೆವು. ಅಜ್ಜಿಯ ಜಾಗದಲ್ಲಿ ಅವ್ವ ಪ್ರಾರ್ಥನೆ ಮಾಡಿದಳು. ಎಲ್ಲರ ಹೆಸರು ಹೇಳುತ್ತ ಬಂದು, ಕೊನೆಗೆ, ಸ್ವಲ್ಪ ತಡೆದು, ಅವನ ಹೆಸರನ್ನೂ ಹೇಳಿದಳು. ಯಾರೂ ಏನೂ ಅನ್ನಲಿಲ್ಲ. ಆಮೆನ್ ಹೇಳಿ ಊಟಕ್ಕೆ ಎದ್ದೆವು.